ನಮ್ಮ ಬಚ್ಚಲಿನ ಬಾಯ್ಲರಿನ ಮೇಲೆ ನಡೆದ ವಿಚಾರಣೆ

ಶಿರ್ತಾಡಿಯ ನಮ್ಮ ಮನೆಯ ಬಚ್ಚಲುಕೋಣೆಗೆ ತಾಮ್ರದ ಬಾಯ್ಲರ್ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ಮನೆಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ವಿಜ್ಞಾನ ಬಂದಿತ್ತು. ಅಂದರೆ ನಾನು ಮೂಡುಬಿದಿರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರಾಗಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಮಕ್ಕಳಿಗೆ ಶಾಖ ಹೇಗೆ ಹರಿಯುತ್ತದೆ ಎಂದು ಹೇಳಿ ಬರುತ್ತಿದ್ದೆ. ಮನೆಯಲ್ಲಿ ಅದು ಹೇಗೆ ಹರಿಯದೆ ನಿಂತಿತು ಎಂಬುದು ಈ ಬರಹದ ವಿಷಯ.

ಅಪ್ಪ ಬಂಟವಾಳದ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅವರು ಕಚೇರಿ ಬಿಟ್ಟಿದ್ದರು, ಕಚೇರಿಯ ಭಾಷೆ ಅವರನ್ನು ಬಿಟ್ಟಿರಲಿಲ್ಲ. ಹಾಲು ಒಡೆದರೂ ಅಡುಗೆಮನೆಯಲ್ಲಿ 'ಸ್ಥಳ ಪರಿಶೀಲನೆ' ನಡೆಯುತ್ತಿತ್ತು. ಹಿಂದೊಮ್ಮೆ ತಹಶೀಲ್ದಾರರ ಜತೆ ಬೆಳ್ತಂಗಡಿಗೆ ಕ್ಯಾಂಪ್ ಹೋದಾಗ ಅಲ್ಲಿನ ಬಂಗ್ಲೆಯಲ್ಲಿ ಬಾಯ್ಲರ್ ನೋಡಿ, ಅದನ್ನು ಮನಸ್ಸಿನ ಫೈಲಿನಲ್ಲಿ ಇಟ್ಟುಕೊಂಡಿದ್ದರು. ಅಮ್ಮನ ಕೈ ಸೋತಾಗ ಫೈಲು ಹೊರಗೆ ಬಂತು.

ಅಮ್ಮನಿಗೆ ಸಂಧಿವಾತ. ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳುಗಳು ಮಡಿಚಿಕೊಂಡು ಇರುತ್ತಿದ್ದವು. ಬಿಸಿನೀರು ಬಿದ್ದ ಮೇಲೆಯೇ ಒಂದೊಂದಾಗಿ ಬಿಡುತ್ತಿದ್ದದ್ದು. ಹಂಡೆಯಿಂದ ಚೆಂಬಿನಲ್ಲಿ ನೀರು ಮೊಗೆದು ಮೈಮೇಲೆ ಹೊಯ್ದುಕೊಳ್ಳುವುದು ಕಷ್ಟವಾಗುತ್ತಾ ಬಂತು. ಎರಡು ಸಲ ತುಂಬಿದ ಚೆಂಬು ಕಾಲಿನ ಮೇಲೆಯೇ ಬಿತ್ತು.

"ನಾನು ಹೊಯ್ಯುತ್ತೇನೆ ಅತ್ತೆ, ನೀವು ಸುಮ್ಮನೆ ಕೂತುಕೊಳ್ಳಿ" ಎಂದಳು ನನ್ನ ಹೆಂಡತಿ.

"ಬಾಣಂತಿಗೆ, ಶಿಶುವಿಗೆ, ಹೆಣಕ್ಕೆ. ಈ ಮೂರಕ್ಕೆ ಬೇರೆಯವರು ನೀರು ಹೊಯ್ಯುವುದು. ನಾನು ಇದರಲ್ಲಿ ಯಾವುದು, ನೀನೇ ಹೇಳು" ಎಂದಳು ಅಮ್ಮ.

ಅಪ್ಪ ಮರುದಿನವೇ ಮೂಡುಬಿದಿರೆಯಿಂದ ಕಂಚುಗಾರನನ್ನು ಕರೆಸಿದರು.

ಅವನು ನಮ್ಮ ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಒಲೆಯಿಂದ ಕಿತ್ತು, ಅದೇ ತಾಮ್ರಕ್ಕೆ ಇನ್ನಷ್ಟು ಸೇರಿಸಿ ಬಾಯ್ಲರ್ ಮಾಡಿ ತಂದ. ಹೀಗೆ ಹಿಂದಕ್ಕೆ ಹೋಗುವ ದಾರಿ ಮೊದಲೇ ಮುಚ್ಚಿತು. ನಡುವೆ ಹೊಗೆಕೊಳವೆ ಇರುವ ಎದೆಯೆತ್ತರದ ಡ್ರಮ್ಮು, ಅದರ ಕೆಳಗೆ ಬೆಂಕಿ. ಪಕ್ಕದ ಗೋಡೆಯ ಮೇಲೆ ಸಿಮೆಂಟಿನ ಸಣ್ಣ ಟ್ಯಾಂಕು. ಅದಕ್ಕೆ ಬಾವಿಯ ನೀರು ತುಂಬಿದರೆ ತಣ್ಣೀರು ಪೈಪಿನಲ್ಲಿ ಬಾಯ್ಲರಿನ ಬುಡಕ್ಕೆ ಇಳಿಯುತ್ತದೆ. ಕಾದ ನೀರು ಅದರ ನೆತ್ತಿಯಿಂದ ಇನ್ನೊಂದು ಪೈಪಿನಲ್ಲಿ ಹೊರಟು, ಬಾಗಿಲ ಚೌಕಟ್ಟಿನ ದಾರಂದವನ್ನು ಹತ್ತಿ ಇಳಿದು, ಸ್ನಾನದ ಕಲ್ಲಿನ ಮೇಲಿರುವ ಹಿತ್ತಾಳೆಯ ನಲ್ಲಿಗೆ ಬರುತ್ತದೆ. ಪೈಪು ದಾರಂದದ ಮೇಲೆ ಏರಿದಲ್ಲಿ, ಗಾಳಿ ಹೋಗಲಿಕ್ಕೆ ಎಂದು, ಟ್ಯಾಂಕಿಗಿಂತ ಎತ್ತರಕ್ಕೆ ಬಾಯಿ ತೆರೆದು ನಿಂತ ಒಂದು ಕೊಳವೆ.

"ಮೈ ತಡೆಯುವಷ್ಟೇ ಕಾಯಿಸುವುದು. ಕಲ್ಲಿನ ಮೇಲೆ ಕೂತು ನಲ್ಲಿ ತಿರುಗಿಸಿದರೆ ಸಾಕು. ಚೆಂಬು ಬೇಡ, ಯಾರೂ ಬೇಡ" ಎಂದು ಅಪ್ಪ ಅಮ್ಮನಿಗೆ ಆದೇಶ ಓದಿ ಹೇಳಿದರು. ಅಮ್ಮ ಆ ದಿನ ನಕ್ಕದ್ದು ನನಗೆ ನೆನಪುಂಟು.

ಮರುದಿನ ಬೆಳಿಗ್ಗೆ ಅಮ್ಮ ಒಬ್ಬಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಜಗಲಿಯಲ್ಲಿ ಉದ್ಘಾಟನೆಗೆ ಬಂದವರ ಹಾಗೆ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಅವಳು ಒಣ ಸೀರೆಯಲ್ಲೇ ಹೊರಗೆ ಬಂದಳು.

"ನೀರು ಬರುವುದಿಲ್ಲ" ಎಂದಳು. ಅಷ್ಟೇ.

ಅಪ್ಪ ಒಳಗೆ ನುಗ್ಗಿ ನಲ್ಲಿ ತಿರುಗಿಸಿದರು. ನಲ್ಲಿ ವಯಸ್ಸಾದವರಂತೆ ಕೆಮ್ಮಿತು, ಒಂದು ಬಾಯಿ ಹಬೆ ಉಗುಳಿತು, ಆಮೇಲೆ ಸುಮ್ಮನಾಯಿತು. ದೂರು ರುಜುವಾತಾಯಿತು. ವಿಚಾರಣೆ ಆರಂಭವಾಯಿತು.

ಮೊದಲ ಸಾಕ್ಷಿ ಕಂಚುಗಾರ. ಅವನು ಬಾಯ್ಲರಿನ ಹೊಟ್ಟೆಗೆ ಬೆರಳಿನಿಂದ ಬಡಿದು, ಕಿವಿಯಿಟ್ಟು ಕೇಳಿದ.

"ಧಣಿಗಳೇ, ಬೆಂಕಿಯದ್ದೇ ತಕರಾರು. ಹಸಿ ತೆಂಗಿನ ಮಡಲು ಹಾಕಿದರೆ ನೀರಿಗೆ ಏಳುವ ಶಕ್ತಿ ಎಲ್ಲಿಂದ ಬರಬೇಕು?"

ಒಣ ಗೆರಟೆ, ಅಂದರೆ ತೆಂಗಿನ ಚಿಪ್ಪು, ಜತೆಗೆ ಸಿಪ್ಪೆ ಹಾಕಿ ಉರಿಸಿದೆವು. ನಲ್ಲಿ ಇನ್ನಷ್ಟು ಜೋರಾಗಿ ಕೆಮ್ಮಿ, ಅಪ್ಪನ ಮೊಣಕೈಗೆ ಕುದಿನೀರು ಉಗುಳಿತು. ಬೆಂಕಿಯ ಮೇಲಿನ ಆರೋಪ ಬಿದ್ದುಹೋಯಿತು.

ಎರಡನೆಯ ಸಾಕ್ಷಿ ನಾನು. ಕಾಗದದ ಮೇಲೆ ಚಿತ್ರ ಬರೆದು, ಬಾಣದ ಗುರುತು ಹಾಕಿ, ಟ್ಯಾಂಕು ಇನ್ನೊಂದು ಗೇಣು ಎತ್ತರ ಆಗಬೇಕೆಂದು ಸಾಧಿಸಿದೆ. ಟ್ಯಾಂಕಿನ ಗೋಡೆ ಎತ್ತರಿಸಲು ಹತ್ತು ದಿನ ಹೋಯಿತು. ನಲ್ಲಿ ಮಾತ್ರ ಮೊದಲಿನಂತೆಯೇ ಕೆಮ್ಮುತ್ತಾ ಇತ್ತು.

"ಮಾಸ್ಟ್ರೇ, ನಿಮ್ಮ ಬಾಣ ನೀರಿಗೆ ಕಾಣಲಿಲ್ಲವೋ ಏನೋ" ಎಂದ ಕಂಚುಗಾರ.

ಇಷ್ಟು ದಿನ ಅಮ್ಮ, ಅಡುಗೆಮನೆಯಲ್ಲಿ ಕಾಯಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಮಣಿಕಟ್ಟಿನಿಂದ ಒತ್ತಿ ಮೈ ಒರೆಸಿಕೊಳ್ಳುತ್ತಿದ್ದಳು. ಧನುರ್ಮಾಸದ ಚಳಿ. ಬೆರಳುಗಳು ಮಧ್ಯಾಹ್ನದ ತನಕವೂ ಬಿಡುತ್ತಿರಲಿಲ್ಲ. ನಾವು ಬಚ್ಚಲಿನಲ್ಲಿ ಪೈಪು ಬಿಚ್ಚಿ ಕಟ್ಟುವಾಗ ಅವಳು ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದದ್ದುಂಟು. "ನೀನು ಚಳಿಯಲ್ಲಿ ನಿಲ್ಲಬೇಡ ಮಾರಾಯ್ತಿ, ನಿನ್ನ ಕೆಲಸವೇ ನಡೆಯುತ್ತಾ ಉಂಟು" ಎಂದು ಅಪ್ಪ ಕಳುಹಿಸಿಬಿಡುತ್ತಿದ್ದರು.

ಕೊನೆಗೆ ಪ್ರಕರಣವನ್ನು ಭೇದಿಸಿದವಳು ನನ್ನ ಹೆಂಡತಿ. ಬಟ್ಟೆ ಒಣಗಿಸುವ ಕೋಲು ಹಿಡಿದು ಬಂದವಳು ಮೇಲೆ ನೋಡಿ, "ಆ ಕೊಳವೆಗೆ ಗೆರಟೆ ಯಾಕೆ ಕವುಚಿದ್ದು?" ಎಂದು ಕೇಳಿದಳು.

ಎಲ್ಲರೂ ಮೇಲೆ ನೋಡಿದೆವು. ಗಾಳಿಯ ಕೊಳವೆಯ ಬಾಯಿಗೆ ಅರ್ಧ ಗೆರಟೆ ಕವುಚಿ, ಸುತ್ತ ಬಟ್ಟೆ ಬಿಗಿದು, ಮೇಲೆ ಮೇಣ ಮೆತ್ತಿತ್ತು. ಕಂಚುಗಾರ ಅದನ್ನು ಮಾಡಿದವನಲ್ಲ ಎಂಬುದು ಅವನ ಮುಖದಲ್ಲೇ ಕಂಡಿತು.

"ಅದು ನಾನೇ" ಎಂದರು ಅಪ್ಪ, ತಲೆ ಎತ್ತಿಯೇ. "ಬಾಯಿ ತೆರೆದು ಬಿಟ್ಟರೆ ಹಲ್ಲಿ ಬೀಳುವುದಿಲ್ಲವೋ? ಹಲ್ಲಿ ಬಿದ್ದ ನೀರಿನಲ್ಲಿ ಸ್ನಾನ ಮಾಡಿದರೆ ಮತ್ತೆ ಸ್ನಾನ ಮಾಡಬೇಕು. ಆ ನೀರು ಎಲ್ಲಿಂದ?"

ತರ್ಕದಲ್ಲಿ ತಪ್ಪಿರಲಿಲ್ಲ. ಹಂಡೆಗೆ ಹಲ್ಲಿ ಬಿದ್ದು ಮನೆಯವರೆಲ್ಲ ಎರಡೆರಡು ಸಲ ಮಿಂದ ಇತಿಹಾಸ ನಮಗಿತ್ತು. ಆದ್ದರಿಂದ ಶುದ್ಧಿಯ ರಕ್ಷಣೆಗಾಗಿ ಗಾಳಿಯನ್ನು ಪೈಪಿನೊಳಗೆ ಬಂಧಿಸಿಡಲಾಗಿತ್ತು. ಆ ಗಾಳಿ ದಾರಂದದ ಮೇಲೆ ಕುಳಿತು ನೀರನ್ನು ದಾಟಲು ಬಿಡುತ್ತಿರಲಿಲ್ಲ. ನನ್ನ ಚಿತ್ರದಲ್ಲಿ ಕೊಳವೆ ಇತ್ತು, ಗೆರಟೆ ಇರಲಿಲ್ಲ. ಪಠ್ಯಪುಸ್ತಕ ಬರೆದವರ ಬಚ್ಚಲಿನಲ್ಲಿ ಹಲ್ಲಿ ಇರಲಿಲ್ಲವೋ ಏನೋ.

ಕಂಚುಗಾರ ಗೆರಟೆ ಕಿತ್ತೆಸೆದು, ಅಪ್ಪನ ಸಮಾಧಾನಕ್ಕೆ ಕೊಳವೆಯ ಬಾಯಿಗೆ ತಂತಿಯ ಜಾಲರಿ ಕಟ್ಟಿದ. ನಲ್ಲಿ ತಿರುಗಿಸಿದ. ಮೊದಲು ಒಂದು ನಿಟ್ಟುಸಿರು. ಆಮೇಲೆ ನೀರು, ಹದವಾದ ಬಿಸಿನೀರು, ಧಾರೆಯಾಗಿ. ಅಪ್ಪ ಒಂದು ಹನಿಯೂ ಸೋರಬಾರದೆಂದು ತಾವೇ ನಲ್ಲಿಯನ್ನು ಭದ್ರವಾಗಿ ಬಿಗಿದು, "ಪ್ರಕರಣ ಮುಕ್ತಾಯ" ಎಂದರು.

ಮರುದಿನ ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಮತ್ತೆ ಜಗಲಿಯಲ್ಲಿ. ನೀರಿನ ಸದ್ದು ಕೇಳಲಿಲ್ಲ. ಬಳೆಯ ಸದ್ದು ಕೇಳಿತು. ಹಿತ್ತಾಳೆಗೆ ಬಳೆ ತಾಗುವ ಸದ್ದು, ಮತ್ತೆ ಮತ್ತೆ. ಆಮೇಲೆ ಅದೂ ನಿಂತಿತು.

ಅವಳು ಒಣ ಸೀರೆಯಲ್ಲಿ ಹೊರಗೆ ಬಂದಳು.

"ನೀರು ಬರುತ್ತದಲ್ಲ!" ಎಂದರು ಅಪ್ಪ.

"ನಿಮಗೆ ಬರುತ್ತದೆ" ಎಂದಳು ಅಮ್ಮ. ಮಡಿಚಿದ ಎರಡೂ ಕೈಗಳನ್ನು ಮುಂದೆ ಹಿಡಿದಳು. "ನನಗೆ ಅದನ್ನು ತಿರುಗಿಸಲಿಕ್ಕೆ ಆಗುವುದಿಲ್ಲ. ಮೊದಲನೆಯ ದಿನವೂ ಆಗಲಿಲ್ಲ. ನೀವು ಇಷ್ಟೆಲ್ಲ ಮಾಡುತ್ತಾ ಇದ್ದಿರಿ, ಹೇಗೆ ಹೇಳುವುದು?"

ಬಿಸಿನೀರು ಬಿದ್ದರೆ ಬೆರಳು ಬಿಡುತ್ತದೆ. ಬೆರಳು ಬಿಟ್ಟರೆ ಬಿಸಿನೀರು ಬೀಳುತ್ತದೆ. ಈ ಸಣ್ಣ ವಿಷಯ ಗುಮಾಸ್ತರಿಗೂ ಮಾಸ್ಟ್ರಿಗೂ ಕಂಚುಗಾರನಿಗೂ ಹೊಳೆದಿರಲಿಲ್ಲ. ಅಷ್ಟು ದಿನ ನಲ್ಲಿಯನ್ನು ಪರೀಕ್ಷಿಸಿದ ಕೈಗಳೆಲ್ಲ ನಮ್ಮವೇ.

ಮತ್ತೆ ಕರೆಸಿದಾಗ ಬಂದ ಕಂಚುಗಾರ ಈ ಸಲ ಹಾಸ್ಯ ಮಾಡಲಿಲ್ಲ. "ಅಮ್ಮ, ನೋಡುವ, ಒಂದು ಉಪಾಯ ಮಾಡುವ" ಎಂದು ನಲ್ಲಿಗೆ ಮೊಳದುದ್ದದ ಹಿತ್ತಾಳೆ ಹಿಡಿ ಬೆಸೆದುಕೊಟ್ಟ. ಮೊಣಕೈಯಿಂದ ದೂಡಿದರೆ ತೆರೆಯುತ್ತದೆ, ಇತ್ತ ದೂಡಿದರೆ ಮುಚ್ಚುತ್ತದೆ. ಅಮ್ಮ ಒಬ್ಬಳೇ ಮಿಂದು, ಒದ್ದೆ ಕೂದಲಿನಲ್ಲಿ, ಬಿಡಿಸಿದ ಬೆರಳುಗಳನ್ನು ನಮಗೆ ತೋರಿಸುತ್ತಾ ಹೊರಗೆ ಬಂದಳು. ಹಾಗೆ ಆ ಚಳಿಗಾಲ ಕಳೆಯಿತು. ಮುಂದಿನ ಚಳಿಗಾಲಕ್ಕೆ ಸಂಧಿವಾತ ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಬಡ್ತಿ ಪಡೆದಿತ್ತು.

ಒಂದು ಬೆಳಿಗ್ಗೆ ಹಿತ್ತಾಳೆ ಹಿಡಿಯ ಸದ್ದೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಅಮ್ಮ ಒಳಗಿನಿಂದ ನನ್ನ ಹೆಂಡತಿಯನ್ನು ಕರೆದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ; ಅಂದರೆ ಹೋಗುವಾಗಲೇ ಅವಳಿಗೆ ಗೊತ್ತಿತ್ತು.

"ಚೆಂಬು ತಾ" ಎಂದದ್ದು ಜಗಲಿಗೆ ಕೇಳಿತು. "ಹೊಯ್ಯಿ. ಶಿಶು ಅಂತ ತಿಳಿದುಕೋ. ಬಾಣಂತಿ ಆಗುವ ವಯಸ್ಸಲ್ಲ. ಇನ್ನೊಂದಕ್ಕೆ ಸ್ವಲ್ಪ ಸಮಯ ಉಂಟು."

ಅಪ್ಪ ಎದ್ದು ಅಂಗಳಕ್ಕೆ ಹೋದರು. ಅಲ್ಲಿ ಪರಿಶೀಲಿಸಲು ಏನೂ ಇರಲಿಲ್ಲ.

ಬಾಯ್ಲರ್ ಆಮೇಲೆ ಎಷ್ಟೋ ವರ್ಷ ನಮ್ಮೆಲ್ಲರಿಗೂ ನೀರು ಕಾಯಿಸಿತು. ಹಲ್ಲಿ ಬೀಳಲಿಲ್ಲ, ನಲ್ಲಿ ಕೆಮ್ಮಲಿಲ್ಲ, ಒಂದು ಹನಿ ಸೋರಲಿಲ್ಲ. ಅದರ ಮೇಲೆ ಮತ್ತೆ ಯಾವ ದೂರೂ ಬರಲಿಲ್ಲ.