ವಾರ್ತೆ ಓದುವವಳ ಎರಡು ಬೆರಳು

ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಪಡಸಾಲೆಯಲ್ಲಿ ಕೂತಿದ್ದಾಗ ನನ್ನ ನಾದಿನಿ ಸರೋಜ ತೀರಿಕೊಂಡಳೆಂಬ ಸುದ್ದಿ ಬಂತು. ಅವಳ ಬಾಯಿ ಕಟ್ಟಿದವಳು ನಾನು. ಮೊದಲು ಇದನ್ನು ಹೇಳಿಬಿಡುತ್ತೇನೆ — ಆಮೇಲೆ ಹೇಳಿದರಾಯಿತು ಎಂದುಕೊಂಡರೆ ಧೈರ್ಯ ಉಳಿಯುವುದಿಲ್ಲ. ಇಷ್ಟು ವರ್ಷ ಉಳಿದಿರಲಿಲ್ಲ.

ಸುದ್ದಿ ತಂದವರು ಇಟ್ಟಿಗಿ ಊರಿನ ಹಿರಿಯರೊಬ್ಬರು, ಅವಳ ಗಂಡನ ಕಡೆಯವರು. ಹೊಸ್ತಿಲಲ್ಲೇ ನಿಂತು ಟವೆಲಿನಿಂದ ಮುಖ ಒರೆಸಿಕೊಂಡರು. "ಹೊಟ್ಟಿ ನೋವಿತ್ತಂತವಾ. ಯಾರ ಮುಂದೂ ಅಂದಿಲ್ಲ. ಜ್ವರ ಏರಿ ಬಿದ್ದ ಮ್ಯಾಲೆ ಹಡಗಲಿ ದವಾಖಾನಿಗೆ ಒಯ್ದ್ವಿ. ಒಳಗ ಒಡದೈತಿ, ಭಾಳ ತಡಾ ಮಾಡೀರಿ ಅಂದ್ರು ಡಾಕ್ಟರು." ಆಮೇಲೆ ಯಾರನ್ನೂ ಉದ್ದೇಶಿಸದೆ, "ಹೇಳಬೇಕಿತ್ತಲ್ಲ ಹುಡುಗಿ. ಬಾಯಿ ಇದ್ದಿಲ್ಲೇನು?" ಎಂದರು.

ಇತ್ತು. ಅವಳಿಗೆ ಬಾಯಿ ಇತ್ತು. ನನ್ನಷ್ಟು ಚೆನ್ನಾಗಿ ಅದನ್ನು ಬಲ್ಲವರು ಯಾರೂ ಇಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಸರೂ ಇನ್ನೂ ಲಂಗ ಉಡುವ ಹುಡುಗಿ. ಮಾತು ತೊದಲುತ್ತಿದ್ದಳು. ಅರ್ಧದಲ್ಲಿ ತಡೆದರೆ ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬರುತ್ತಿತ್ತು. ಅಂಗಡಿಗೆ ಬೆಲ್ಲ ತರಲು ಕಳಿಸಿದರೆ 'ಬೆ' ಅನ್ನಲಾರದೆ ಉಪ್ಪು ಕೇಳಿ ತಂದು ಅತ್ತೆಯ ಕೈಲಿ ಬೈಸಿಕೊಂಡವಳು. ನನ್ನನ್ನು ವೈನಿ ಅನ್ನುತ್ತಿದ್ದಳು. ಅದೊಂದು ಶಬ್ದ ಅವಳಿಗೆ ಎಂದೂ ತಡೆಯುತ್ತಿರಲಿಲ್ಲ. ನಮ್ಮೂರ ದೇವರು ಕೊಟ್ಟೂರಯ್ಯ ಅಷ್ಟು ಕರುಣೆ ತೋರಿದ್ದ ಎಂದು ಆಗ ಸಂತೋಷಪಡುತ್ತಿದ್ದೆ.

ಆಮೇಲೆ ನಮ್ಮ ಓಣಿಗೆ ಟೀವಿ ಬಂತು. ಓಣಿಗೆಲ್ಲ ಒಂದೇ, ಶೇಂಗಾ ಮಿಲ್ಲಿನ ಗೌರಮ್ಮನ ಮನೆಯಲ್ಲಿ. ಸಂಜೆ ದೇವರ ಮುಂದೆ ದೀಪ ಹಚ್ಚಿ ಅಲ್ಲಿಗೆ ಹೋಗಿ ಚಾಪೆಯ ಮೇಲೆ ಕೂಡುತ್ತಿದ್ದೆವು. ವಾರ್ತೆ ನಮಗೆ ಅರ್ಥವಾಗುತ್ತಿತ್ತೋ ಇಲ್ಲವೋ, ಅದನ್ನು ಓದುವವರು ಚೆನ್ನಾಗಿ ಅರ್ಥವಾಗುತ್ತಿದ್ದರು. ಒಬ್ಬ ಗಂಡಸು, ಸುದ್ದಿಗೊಮ್ಮೆ ಪೆನ್ನು ಎತ್ತಿ ನಮ್ಮ ಕಣ್ಣಿಗೆ ಚುಚ್ಚುವಂತೆ ತೋರಿಸುತ್ತಿದ್ದ. ಆ ಪೆನ್ನಿನಿಂದ ಅವನು ಒಂದಕ್ಷರ ಬರೆದದ್ದನ್ನು ನಾವು ಕಂಡಿಲ್ಲ. ಒಬ್ಬಾಕೆ ಕಾಗದದ ಕಟ್ಟನ್ನು ಮೇಜಿಗೆ ಕುಟ್ಟಿ ಕುಟ್ಟಿ ಸರಿಮಾಡುವವಳು. ರೈಲು ಬಿದ್ದು ಜನ ಸತ್ತರೂ ಹುಬ್ಬು ಅಷ್ಟೇ ಮೇಲೆ, ಕ್ರಿಕೆಟ್ಟಿನಲ್ಲಿ ಗೆದ್ದರೂ ಅಷ್ಟೇ ಮೇಲೆ; ಎಲ್ಲ ಮುಗಿಸಿ ನಕ್ಕು ಕೈ ಮುಗಿಯುತ್ತಿದ್ದಳು. ಇನ್ನೊಬ್ಬಾಕೆ ಇದ್ದಳು — ಮಾತಿಗೊಮ್ಮೆ ಬಲಗೈಯ ಎರಡು ಬೆರಳಿನಿಂದ ಮೇಜು ಬಡಿಯುತ್ತಿದ್ದಳು. 'ಪ್ರಧಾನಿಯವರು' — ಟಕ್. 'ಇಂದು ಬೆಳಿಗ್ಗೆ' — ಟಕ್. ನೋಡಿದವರಿಗೆ ಮೈ ಉರಿಯಬೇಕು. "ಯಾರ ಮನಿ ಬಾಗಲಾ ಬಡೀತಾಳ್ರೆ ಈಕಿ?" ಎಂದು ಗೌರಮ್ಮ ದಿನಾ ಕೇಳುತ್ತಿದ್ದಳು, ನಾವು ದಿನಾ ನಗುತ್ತಿದ್ದೆವು.

ನನಗೆ ಅವರೆಲ್ಲರ ಅಣಕ ಬರುತ್ತಿತ್ತು. ಸೆರಗು ಸರಿಮಾಡಿ, ಇಲ್ಲದ ಕಾಗದ ಕುಟ್ಟಿ, ಹುಬ್ಬು ಹಾರಿಸಿದೆನೆಂದರೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ಬೀಳುತ್ತಿದ್ದರು. "ಏ, ಟೀವಿ ಆರಸ್ರೆವಾ, ನಮ್ಮ ವಾರ್ತಿ ಇಲ್ಲೇ ಕುಂತೈತಿ!" ಎನ್ನುತ್ತಿದ್ದಳು ಗೌರಮ್ಮ. ನಮ್ಮ ಮನೆಯಲ್ಲಿ ನಾನು ಮಾತಾಡಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಅಲ್ಲಿ ಎತ್ತುತ್ತಿದ್ದರು. ಇದನ್ನು ನೆಪವೆಂದು ಹೇಳುತ್ತಿಲ್ಲ — ಇದ್ದದ್ದು ಹೇಳುತ್ತಿದ್ದೇನೆ, ಅಷ್ಟೇ.

ಸರೂ ಮಾತ್ರ ನಗುತ್ತಿರಲಿಲ್ಲ. ಆ ಬೆರಳು ಬಡಿಯುವಾಕೆ ಬಂದ ದಿನ ಮುಂದೆ ಸರಿದು ಕೂತು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಬಂದು ಕೂತಳು. ಎರಡು ಬೆರಳನ್ನು ಕೊಡದ ಮೇಲೆ ಮೆಲ್ಲಗೆ ಬಡಿಯುತ್ತ, ಒಂದೊಂದೇ ಶಬ್ದ ಆ ಬಡಿತದ ಮೇಲಿಟ್ಟು ಹೇಳಿದಳು: "ವೈನಿ... ಬೆರಳು... ಬಡಕೊಂತ... ಅಂದ್ರ... ಬರ್ತಾವ್ ನೋಡ್ರಿ... ಮಾತು."

ರೊಟ್ಟಿ ಕೈಲೇ ಉಳಿಯಿತು. ಅಷ್ಟುದ್ದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದೇ ಮೊದಲು. "ಯಾರು ಕಲಿಸಿದ್ರು ಹುಡುಗಿ?" ಎಂದೆ. "ಟೀವಿ... ಆಕಿ," ಎಂದು ನಕ್ಕಳು. "ನೀವು... ನಗ್ತೀರಲ್ಲ... ಆಕಿ."

ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಳು. ಗುಟ್ಟು ನಮ್ಮಿಬ್ಬರದೇ ಆಯಿತು. ಸೆರಗಿನೊಳಗೆ, ತೊಡೆಯ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ — ಎಲ್ಲಿ ಬೇಕಾದಲ್ಲಿ ಆ ಎರಡು ಬೆರಳು ಆಡುತ್ತಿದ್ದವು, ಮಾತು ಹೊರಗೆ ಬರುತ್ತಿತ್ತು. ಬರಬರುತ್ತ ಬೇಗ ಬೇಗ ಬರತೊಡಗಿತು. ಅತ್ತೆ ಕೊಟ್ಟೂರಯ್ಯನಿಗೆ ಕಾಯಿ ಒಡೆಸಿದರು. ಇಟ್ಟಿಗಿಯ ಸಂಬಂಧ ಬಂದದ್ದು ಆಮೇಲೆಯೇ. "ಸಣ್ಣಾಕಿದ್ದಾಗ ಒಂಚೂರು ತೊದಲ್ತಿದ್ಲು, ಈಗೇನಿಲ್ಲ" ಎಂದು ಮುಚ್ಚಿಡದೆ ಹೇಳಿದೆವು. ಹುಡುಗನ ತಾಯಿ "ನೋಡೋಣ ಬಿಡ್ರಿ" ಎಂದು ಒಪ್ಪಿದರು. ಆ 'ನೋಡೋಣ' ನಮ್ಮೆಲ್ಲರ ಎದೆಯಲ್ಲಿ ಅಳುಕಾಗಿ ಉಳಿಯಿತು. ಸರೂಗೆ ಎಲ್ಲರಿಗಿಂತ ಹೆಚ್ಚು.

ನಮ್ಮ ಕಡೆ ಮದುವೆಯ ಜೋಡಿ ಗುಡಿಗೆ ಹೋಗಿ ಬಂದಾಗ ಹೆಂಗಸರು ಬಾಗಿಲು ತಡೆಯುತ್ತಾರೆ. ಪ್ರಾಸ ಹೊಂದಿಸಿ ಒಡಪು ಕಟ್ಟಿ, ಅದರಲ್ಲಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು. ಹುಡುಗನ ಹೆಸರು ಬಸವರಾಜ. 'ಬ' — ಅವಳಿಗೆ ಎಲ್ಲಕ್ಕಿಂತ ಕಷ್ಟದ ಅಕ್ಷರ. ಮದುವೆಗೆ ಮೊದಲು ಎಷ್ಟೋ ಬೆಳಿಗ್ಗೆ ಒಲೆಯ ಮುಂದೆ ಕೂತು ತಾನೇ ಕಟ್ಟಿದ ಒಡಪನ್ನು ನನಗೊಪ್ಪಿಸಿದಳು: "ಹಿತ್ತಲ ಹೊಲದಾಗ ಬಿಳಿಜೋಳದ ಹಾಲ್ದೆನಿ, ದಾರಿ ಬಿಡ್ರಿ ನನ್ನ ವೈನಿ, ಬಸವರಾಜರ ಕೂಡ ಬಂದೀನಿ." ಒಂದು ಸಲವೂ ತಡೆಯಲಿಲ್ಲ. ನನ್ನನ್ನೇ ಅದರೊಳಗೆ ಸೇರಿಸಿದ್ದಳು — ತಡೆಯದ ಶಬ್ದವೊಂದು ಮಧ್ಯದಲ್ಲಿರಲಿ ಎಂದೋ, ಪ್ರೀತಿಗೋ. ಕೇಳಲಿಲ್ಲ ನಾನು.

ಮದುವೆಯ ದಿನ ಬಾಗಿಲಿಗೆ ಅಡ್ಡ ನಿಂತವಳು ನಾನೇ. ಹಿಂದೆ ಗೌರಮ್ಮ, ಓಣಿಯ ಹೆಂಗಸರು, ಎದುರಿಗೆ ಇಟ್ಟಿಗಿಯವರೆಲ್ಲ. ಸರೂ ಬಾಸಿಂಗ ಕಟ್ಟಿಕೊಂಡು ನಿಂತಿದ್ದಳು. ಬಲಗೈಯ ಎರಡು ಬೆರಳು ಚೌಕಟ್ಟಿನ ಮೇಲೆ ಆಡತೊಡಗಿದವು. "ಹಿತ್ತಲ... ಹೊಲದಾಗ..." ಎಂದು ಶುರುಮಾಡಿದಳು.

ಇಟ್ಟಿಗಿಯ ಹೆಂಗಸೊಬ್ಬಳು, "ಅಯ್ಯ, ಹುಡುಗಿ ಕೈ ಯಾಕ ಹಂಗ ಆಡಸ್ತೈತಿ?" ಎಂದಳು.

"ವಾರ್ತಿ ಓದಾಕ ಹತ್ಯಾಳ್ರೀ!" ಎಂದಳು ಗೌರಮ್ಮ. ಅವಳಿಗೇನು ಗೊತ್ತು, ಪಾಪ. ಎಲ್ಲರೂ ನಕ್ಕರು. ನಕ್ಕು ನನ್ನ ಕಡೆ ನೋಡಿದರು — ಟೀವಿಯ ಮುಂದೆ ನೋಡುತ್ತಿದ್ದರಲ್ಲ, ಹಾಗೆ.

ನಾನು ಸುಮ್ಮನಿರಬಹುದಿತ್ತು. ಸೆರಗು ಸರಿಮಾಡಿಕೊಂಡೆ. ಹುಬ್ಬು ಏರಿಸಿದೆ. ಬಾಗಿಲನ್ನು ಎರಡು ಬೆರಳಿನಿಂದ ಬಡಿದು, "ನಮಸ್ಕಾರ. ಇಂದಿನ — ಮುಖ್ಯ — ವಾರ್ತೆಗಳು. ಕೊಟ್ಟೂರಿನ — ಸರೋಜಮ್ಮನವರು —" ಎಂದೆ. ಅಂಗಳದ ತುಂಬ ನಗೆ. ಗಂಡಸರೂ ನಕ್ಕರು. ನಮ್ಮವರು, ಸರೂನ ಅಣ್ಣ, ಎಂದೂ ನನ್ನ ಮಾತಿಗೆ ನಗದವರು, ಅವರೂ ನಕ್ಕರು. ಆ ನಗೆ ಇನ್ನೂ ಸ್ವಲ್ಪ ಇರಲಿ ಅನಿಸಿತು. ಸರೂನ ಬಲಗೈಯನ್ನು ನನ್ನ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಅಂದೆ: "ಕೈ ಆಡಸ್ದಂಗ ಹೇಳವಾ, ನೋಡೋಣ."

ಅವಳು ನನ್ನ ಮುಖ ನೋಡಿದಳು. ತಮಾಷೆಯೇ ಇರಬೇಕು, ಈಗ ಬಿಡುತ್ತಾಳೆ ಎಂದುಕೊಂಡಂತೆ ಒಂಚೂರು ನಕ್ಕಳು ಕೂಡ. ನಾನು ಬಿಡಲಿಲ್ಲ.

"ಬಿ..." ಎಂದಳು. "ಬಿ... ಬಿ..." ಕುತ್ತಿಗೆಯ ನರ ಉಬ್ಬಿತು. ನನ್ನ ಮುಷ್ಟಿಯೊಳಗೆ ಆ ಎರಡು ಬೆರಳು ನನ್ನ ಅಂಗೈಯನ್ನೇ ಬಡಿಯುತ್ತಿದ್ದವು — ಜಾಗ ಸಾಲದೆ, ತಾಳ ಸಿಗದೆ. ನನಗೆ ತಿಳಿಯುತ್ತಿತ್ತು. ಜನರಿಗೆ ಕಾಣದ್ದು ನನ್ನ ಕೈಗೆ ತಿಳಿಯುತ್ತಿತ್ತು. ಆಗಲಾದರೂ ಬಿಟ್ಟಿದ್ದರೆ — ಬಿಡಲಿಲ್ಲ. ನಗೆ ತಾನಾಗಿಯೇ ನಿಂತಿತು. ಹುಡುಗನ ತಾಯಿ ಮೆಲ್ಲಗೆ, "ಈಗೇನಿಲ್ಲ ಅಂದಿದ್ರೆಲ್ಲ?" ಎಂದರು. ನಮ್ಮವರು ಮುಂದೆ ಬಂದು, "ನಾಚಿಕೀರಿ ಹುಡುಗೀಗೆ, ಒಳಗ ಬರ್ರಿ, ಬರ್ರಿ" ಎಂದು ಎಲ್ಲರನ್ನೂ ಒಳಗೆ ಕರೆದರು. ನಾನು ಕೈ ಬಿಟ್ಟೆ. ಅವಳು ಅದನ್ನು ಸೆರಗಿನೊಳಗೆ ಎಳೆದುಕೊಂಡಳು.

ಇಟ್ಟಿಗಿಯವರು ಕೆಟ್ಟವರಲ್ಲ. ಹೊಡೆಯಲಿಲ್ಲ, ಬಡಿಯಲಿಲ್ಲ, ಉಪವಾಸ ಕೆಡವಲಿಲ್ಲ. ಸರೂ ತಾನೇ ಮಾತು ಬಿಟ್ಟಳು. ಪಂಚಮಿಗೆ ತವರಿಗೆ ಬಂದಾಗ ಹೂಂ, ಉಹೂಂ, ಅಷ್ಟೇ. ಬೆರಳು ಎಲ್ಲಿಯೂ ಆಡಲಿಲ್ಲ. ಮಧ್ಯಾಹ್ನ ನನ್ನನ್ನು ಮುಂದೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು, ಮೊದಲಿನ ಹಾಗೆಯೇ, ಮೊದಲಿಗಿಂತ ಮೆತ್ತಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸರೂ, ನಿನ್ನ ಕೈ ನನ್ನ ತಲೆಯ ಮೇಲಿದ್ದಾಗ ಒಂದು ಮಾತು ಕೇಳಬೇಕಿತ್ತು ನಾನು — ಕ್ಷಮಿಸು ಅಂತಲ್ಲ, ಬಡಿ ಅಂತ. ನನ್ನ ನೆತ್ತಿಯ ಮೇಲೇ ಬಡಿದು ಮಾತಾಡು ಅಂತ. ಕೇಳಲಿಲ್ಲ.

"ಸರೂ ಯಾಕ ಹಿಂಗ ಆಗ್ಯಾಳ?" ಎಂದು ನಮ್ಮವರು ಕೇಳಿದರು. ಕೈ ಹಿಡಿದದ್ದು ಅವರಿಗೆ ತಮಾಷೆ; ಬೆರಳಿನ ಗುಟ್ಟು ಅವರಿಗೆ ಗೊತ್ತಿರಲಿಲ್ಲ. ನಾನು ಅಂದೆ: "ಅತ್ತಿ ಮನಿ ಜಬರಿರಬೇಕ್ರೀ." ನನ್ನ ಬಾಯಿಂದ ಸಲೀಸಾಗಿ ಬಂತು, ಒಂದೂ ತಡೆಯಲಿಲ್ಲ. ಅವರು ನಂಬಿದರು. ಇಟ್ಟಿಗಿಗೆ ಹೋಗಿ ಬೀಗರ ಜೊತೆ ಜಗಳ ತೆಗೆದರು. ಹೋಗುವುದು ಬರುವುದು ನಿಂತಿತು. ಸರೂಗೆ ಹೆಣ್ಣು ಮಗು ಹುಟ್ಟಿದ್ದು ನಮಗೆ ಯಾರದೋ ಬಾಯಿಂದ ತಿಳಿಯಿತು. ತವರಿನವರು ಬಂದು ಹೋಗುವ ಮನೆಯಾಗಿದ್ದರೆ ಯಾರಾದರೊಬ್ಬರು ಅವಳ ಮುಖ ನೋಡಿ ನೋವು ತಿಳಿಯುತ್ತಿದ್ದರು. ಹೀಗೆ ಎರಡನೆಯ ಸಲವೂ ಅವಳ ಬಾಯಿ ಕಟ್ಟಿದವಳು ನಾನೇ.

ಸುದ್ದಿ ತಂದ ಹಿರಿಯರಿಗೆ ನೀರು ಕೊಟ್ಟಾಗ ಅವರು ಇನ್ನೊಂದು ಮಾತು ಹೇಳಿದ್ದರು. "ಮಗಳ ಕೂಡ ಮಾತ್ರ ಚೊಲೋ ಮಾತಾಡ್ತಿದ್ಲವಾ. ಬಾಗಲಾ ಹಾಕ್ಕೊಂಡು, ತೊಟ್ಟಿಲಾ ಬಡಕೊಂತ. ಆ ಕೂಸಿನ ಮಾತು ಭಾಳ ಸ್ವಚ್ಛ ಐತಿ." ನಾನು ದಿನಾ ಪೂಜೆಗೆ ಕೂತಾಗ ಶಿವ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯುತ್ತೇನೆ, ತಾಯಿ ಕಲಿಸಿದ ಅಭ್ಯಾಸ. ಆವತ್ತಿನಿಂದ ಮೊದಲು ಇದನ್ನು ನೆನೆಯುತ್ತೇನೆ. ನೆನೆದ ಮೇಲೆ ಮುಂದಿನದು ನಾಲಿಗೆಗೆ ಬರುವುದಿಲ್ಲ.

ಸರೂ ಹೋಗಿ ಕೆಲವು ವರ್ಷಗಳಾದವು. ಈ ಸಲ ಇಟ್ಟಿಗಿಯಿಂದ ಹೇಳಿ ಕಳಿಸಿದ್ದರು: ಸರೂನ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾಗಿದ್ದಾಳೆ, ತಾಯಿಯ ತವರು ನೋಡಬೇಕೆನ್ನುತ್ತಾಳೆ, ಪಂಚಮಿಗೆ ಕಳಿಸೋಣವೇ ಎಂದು. "ನನ್ನ ತಂಗೀನ ತಿಂದ ಮನಿ ಅದು. ಅವರದೇನೂ ಬ್ಯಾಡ" ಎಂದರು ನಮ್ಮವರು. ನನ್ನ ಸುಳ್ಳಿಗಾಗಿ ಆ ಮಗು ಸೋದರಮಾವನ ಮನೆ ಕಾಣದೆ ಬೆಳೆಯಬೇಕಾಗಿತ್ತು.

ಇವತ್ತು ಮಧ್ಯಾಹ್ನ ಅವರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಎದುರು ಕೂತು ಎಲ್ಲ ಹೇಳಿದೆ. ಬೆರಳಿನ ಗುಟ್ಟು, ಮುಷ್ಟಿ, ಅತ್ತೆ ಮನೆಯ ಮೇಲೆ ಹಾಕಿದ ಅಪವಾದ. "ಇಟ್ಟಿಗಿಯವರದು ಏನೂ ತಪ್ಪಿಲ್ರಿ. ಹುಡುಗೀನ ಕರಸ್ರಿ. ನೀವು ಹೋಗಲಿಲ್ಲಂದ್ರ ನಾನ ಹೋಗಿ ಅವರ ಮುಂದೂ ಇದನ್ನ ಹೇಳ್ತೀನಿ" ಎಂದೆ.

ಅವರು ಕೈಲಿದ್ದ ಎಲೆಯನ್ನು ತಟ್ಟೆಗೆ ವಾಪಸ್ಸು ಇಟ್ಟರು. ಕೇಳಿದರು: "ಆಮ್ಯಾಲೆ ಆಕಿ ನಿನಗೇನರ ಅಂದ್ಲಾ?"

"ಏನೂ ಅನ್ನಲಿಲ್ರಿ."

ಅವರು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಎಲ್ಲಿಗೆಂದು ನಾನು ಕೇಳಲಿಲ್ಲ, ಕೇಳುವ ಹಕ್ಕಿಲ್ಲ. ಇಟ್ಟಿಗಿಗೆ ಅಲ್ಲವಾದರೆ, ಅಂದಂತೆ ನಾನೇ ಹೋಗುತ್ತೇನೆ. ಓಣಿಯ ನಲ್ಲಿಗೆ ನೀರು ಬಿಟ್ಟಿದ್ದರು. ಕೊಡ ಬೆಳಗಿಕೊಂಡು ಹೋಗಿ ಸಾಲಿನಲ್ಲಿ ನಿಂತೆ.