ಗಿರಿಜಮ್ಮ ಹಿಡಿದ ತಪ್ಪು

"ಏನ್ಲಾ ಇದು? ಯಾವ್ ಕಡೆ ಮೇಲೆ ಮಾಡಿ ನೇತಾಕ್ಬೇಕು?" ಎಂದು ಪಕ್ಕದ ಮನೆಯ ಮಲ್ಲೇಶಣ್ಣ ನಕ್ಕಾಗ ನನ್ನ ಮುಖ ಬಾಡಿತು. ಅದು ಅವರ ತಂದೆಯ ಚಿತ್ರ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅವರು ತೀರಿಕೊಂಡು ವರ್ಷವಾಗಿತ್ತು. ಮರುದಿನದ ಪೂಜೆಗೆ ಫೋಟೊ ಬದಲು ನನ್ನ ಚಿತ್ರ ಇಡಿ ಎಂದು ನಾನೇ ಹಟ ಹಿಡಿದು ಬರೆದಿದ್ದೆ. ಕಂದು ಬಣ್ಣಕ್ಕೆ ತೆಂಗಿನ ನಾರಿನ ಪುಡಿ ಕಲಸಿ ದಪ್ಪವಾಗಿ ಮೆತ್ತಿದ್ದೆ. ಕಣ್ಣು, ಬಾಯಿ ಬಿಡಿಸಿರಲಿಲ್ಲ. ಬಾಗಿದ ತಲೆ, ಅಗಲ ಹಣೆ ಇದ್ದರೆ ಗುರುತು ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ನನ್ನದು.

"ಹಳೇ ಫೋಟೊನೇ ಇಡಾಣ ಬಿಡವ್ವ," ಎಂದರು ಮಲ್ಲೇಶಣ್ಣ.

ಅವರ ತಾಯಿ ಗಿರಿಜಮ್ಮ ಚಿತ್ರವನ್ನೇ ನೋಡುತ್ತಿದ್ದವರು ನನ್ನನ್ನು ಗದರಿದರು: "ಕಣ್ ಬರೀದಿದ್ರೆ ಹೋಗ್ಲಿ. ವಿಭೂತಿ ಇಲ್ದೆ ಅವ್ರು ಒಂದಿನಾನೂ ಹೊಸ್ಲು ದಾಟ್ದೋರಲ್ಲ ಕಣಪ್ಪ!"

ನಾನು ಕುಂಚ ಹುಡುಕುವಷ್ಟರಲ್ಲಿ ಅವರೇ ದೇವರ ಮನೆಯಿಂದ ವಿಭೂತಿ ತಂದು, ನೀರಲ್ಲಿ ತೇಯ್ದು, ಆ ಒರಟು ಹಣೆಯ ಮೇಲೆ ಮೂರು ಬೆರಳು ಎಳೆದರು. ಬಿಳಿ ಬಣ್ಣ ನಾರಿನ ಉಬ್ಬುಗಳಿಗಷ್ಟೇ ಹತ್ತಿತು. ನೋಡನೋಡುತ್ತಲೇ ಸುಕ್ಕುಗಟ್ಟಿದ ಹಣೆಯೊಂದು ಎದ್ದು ಬಂತು.

ಮಲ್ಲೇಶಣ್ಣನ ನಗು ನಿಂತಿತು. "ಅಪ್ಪಯ್ಯನೇ ಕಣವ್ವ," ಎಂದವರು ಗೋಡೆಯ ಮೇಲಿದ್ದ ಫೋಟೊ ಇಳಿಸಲು ತಾವೇ ಸ್ಟೂಲ್ ಹತ್ತಿದರು.

ಮೊಬೈಲ್ ನೋಡಿ ಚಿತ್ರ ಕಲಿತವನು ನಾನು. ಈಗಲೂ ಕಣ್ಣು ಬರೆಯುವುದಿಲ್ಲ. ಆದರೆ ಯಾರದೇ ಮುಖ ಶುರು ಮಾಡುವ ಮೊದಲು ಅವರ ಮನೆಗೆ ಹೋಗಿ, ಯಾವುದು ಇಲ್ಲದಿದ್ದರೆ ಆ ಮುಖ ಅವರದಲ್ಲ ಎಂದು ಕೇಳಿಕೊಂಡು ಬರುತ್ತೇನೆ.