ಹನ್ನೊಂದನೆಯ ಬೀಗದ ಕೈ

ಕೊರೊನಾ ಮುಗಿದು ಶಾಲೆಗಳು ಬಾಗಿಲು ತೆರೆದ ಮೂರನೆಯ ವರ್ಷದ ಮಾತು. ಆಗ ನಾನು ಮಾಗಡಿ ರಸ್ತೆಯಿಂದ ಬಸವೇಶ್ವರನಗರದ ಕಡೆಗೆ ತಿರುಗುವಲ್ಲಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆಯಾ ಆಗಿದ್ದೆ. ಅಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದೆ, ಆದರೂ ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಜೂನ್ ತಿಂಗಳು ಮುಖ್ಯ ಶಿಕ್ಷಕಿ ಒಂದು ಪತ್ರಕ್ಕೆ ಸಹಿ ಹಾಕಿದರೆ ಇನ್ನೊಂದು ವರ್ಷ ಇರುತ್ತಿದ್ದೆ.

ಬೆಳಗ್ಗೆ ಗೇಟು ತೆಗೆಯುವುದು, ಗುಡಿಸುವುದು, ಗಂಟೆ ಹೊಡೆಯುವುದು, ಕುಡಿಯುವ ನೀರಿನ ಡ್ರಮ್ಮು ತುಂಬಿಸುವುದು, ಶೌಚಾಲಯ ತೊಳೆಯುವುದು, ಸಂಜೆ ಎಲ್ಲಕ್ಕೂ ಬೀಗ ಹಾಕುವುದು ನನ್ನ ಕೆಲಸ. ಸೊಂಟಕ್ಕೆ ಸಿಕ್ಕಿಸಿಕೊಂಡ ಗೊಂಚಲಿನಲ್ಲಿ ಹನ್ನೊಂದು ಬೀಗದ ಕೈ. ಹತ್ತು ದಿನಾ ಬಳಕೆಯಾಗುತ್ತಿದ್ದವು. ಹನ್ನೊಂದನೆಯದು ಹೊಸ ಶೌಚಾಲಯದ್ದು.

ಆ ಶೌಚಾಲಯವನ್ನು ಯಾವುದೋ ಕಂಪನಿಯವರು ಹುಡುಗಿಯರಿಗೆಂದು ಕಟ್ಟಿಸಿಕೊಟ್ಟಿದ್ದರು. ಬಿಳಿ ಟೈಲ್ಸು, ನಲ್ಲಿ, ಒಳಗಿನಿಂದ ಹಾಕಿಕೊಳ್ಳಲು ಚಿಲಕ, ಗೋಡೆಗೆ ಕನ್ನಡಿ. ಉದ್ಘಾಟನೆಯ ಮರುದಿನವೇ ಮುಖ್ಯ ಶಿಕ್ಷಕಿ, ನಾವೆಲ್ಲ ಎಚ್ಚೆಮ್ ಮೇಡಂ ಎನ್ನುತ್ತಿದ್ದವರು, ನನ್ನನ್ನು ಕರೆದು, "ಗೌರಮ್ಮ, ಅದಕ್ಕೆ ಬೀಗ ಹಾಕಿ. ಇನ್‌ಸ್ಪೆಕ್ಷನ್‌ಗೆ ಯಾರಾದ್ರೂ ಬಂದಾಗ ಮಾತ್ರ ತೆಗೀರಿ. ಮಕ್ಕಳಿಗೆ ಬಿಟ್ರೆ ತಿಂಗಳಲ್ಲಿ ಹಾಳಾಗುತ್ತೆ" ಎಂದರು.

ನಾನು ಎದುರು ಹೇಳಲಿಲ್ಲ. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ತೊಳೆಯುವುದು ಒಂದು ಕಡಿಮೆಯಾಯಿತಲ್ಲ! ಹುಡುಗಿಯರಿಗೆ ಹಿಂದುಗಡೆ ಹಳೆಯದು ಇತ್ತು. ಅದರ ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಇದ್ದದ್ದು ಇದೆ, ಸುಧಾರಿಸಿಕೊಳ್ಳಲಿ ಅಂದುಕೊಂಡೆ. ಹೀಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಬೀಗ ಹಾಕಿದ ಕೈ ನನ್ನದು.

ಇನ್ನೊಂದು ಸಂಗತಿ. ನೀರಿನ ಡ್ರಮ್ಮು ಎರಡಿದ್ದವು. ಹುಡುಗರ ಕಡೆಯದು ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. ಹುಡುಗಿಯರ ಕಡೆಯದು ಸಂಜೆಯಾದರೂ ಮುಕ್ಕಾಲು ತುಂಬಿರುತ್ತಿತ್ತು. ಮಾರನೆಯ ದಿನ ಆ ನೀರು ಚೆಲ್ಲಿ ಹೊಸದು ತುಂಬಿಸುವಾಗ, "ಈ ಹುಡುಗೀರಿಗೆ ನೀರು ಕುಡಿಯೋಕೂ ಸೋಮಾರಿತನ" ಎಂದು ಗೊಣಗುತ್ತಿದ್ದೆ. ಯಾಕೆ ಉಳಿಯುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ.

ಆ ವರ್ಷ ಸಮಾಜ ವಿಜ್ಞಾನ ಹೇಳಿಕೊಡಲು ರೇಖಾ ಮಿಸ್ ಎಂಬ ಚಿಕ್ಕ ವಯಸ್ಸಿನ ಅತಿಥಿ ಶಿಕ್ಷಕಿ ಬಂದರು. ಅತಿಥಿ ಶಿಕ್ಷಕಿ ಎಂದರೆ ಅವರ ಕೆಲಸವೂ ನನ್ನದರ ಹಾಗೆಯೇ, ವರ್ಷಕ್ಕೊಮ್ಮೆ ಪತ್ರ. ಪೌರನೀತಿ ಪಾಠವನ್ನು ಅವರು ಪುಸ್ತಕ ಮುಚ್ಚಿಟ್ಟು ಮಾಡುತ್ತಿದ್ದರು. ನಿಮ್ಮ ಬೀದಿಯಲ್ಲಿ ಕಸ ಯಾರು ತೆಗೆಯುತ್ತಾರೆ, ತೆಗೆಯದಿದ್ದರೆ ಯಾರನ್ನು ಕೇಳಬೇಕು, ಕೇಳಿದರೆ ಬೈದರೆ ಏನು ಮಾಡಬೇಕು, ಇಂಥವು. ನಾನು ಓದಿದ್ದು ಎರಡನೇ ಕ್ಲಾಸು. ಕಾರಿಡಾರು ಒರೆಸುವ ನೆಪದಲ್ಲಿ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದೆ.

ನಮ್ಮಲ್ಲಿ ಶಾಲಾ ಸಂಸತ್ತು ಎಂದು ಒಂದಿರುತ್ತದೆ. ಮಕ್ಕಳೇ ಪ್ರಧಾನಮಂತ್ರಿ, ಮಕ್ಕಳೇ ಆಹಾರ ಮಂತ್ರಿ, ಆರೋಗ್ಯ ಮಂತ್ರಿ. ಅದುವರೆಗೆ ಟೀಚರುಗಳೇ ಹೆಸರು ಬರೆದು ಗೋಡೆಗೆ ಅಂಟಿಸುತ್ತಿದ್ದರು. ಈ ಸಲ ಚುನಾವಣೆ ಮಾಡಿಯೇ ಆಗಬೇಕೆಂದು ರೇಖಾ ಮಿಸ್ ಹಟ ಹಿಡಿದರು. ನನ್ನ ಹತ್ತಿರ ಬಂದು, "ಆಯಮ್ಮ, ದೊಡ್ಡ ಎಲೆಕ್ಷನ್‌ಗೆ ನಮ್ಮ ಶಾಲೆನೇ ಬೂತಲ್ವಾ? ಪ್ರತಿ ಸಲ ನೀವು ಅಲ್ಲೇ ಇರ್ತೀರಂತೆ. ಶಾಯಿ ನೀವೇ ಹಚ್ಚಬೇಕು, ಸಾಕ್ಷಿ ಸಹಿನೂ ನೀವೇ ಹಾಕಬೇಕು" ಎಂದರು. ಬೂತಿನ ಅಧಿಕಾರಿಗಳಿಗೆ ನೀರು, ಟೀ ಕೊಡುತ್ತಾ ಅಷ್ಟೂ ನೋಡಿದ್ದೆ. ಒಪ್ಪಿಕೊಂಡೆ.

ಪ್ರಧಾನಿ ಸ್ಥಾನಕ್ಕೆ ನಿಂತವರು ಮೂವರು. ಎಂಟನೇ ಕ್ಲಾಸಿನ ಶ್ರೇಯಾ, ಓದಿನಲ್ಲಿ ಮೊದಲು, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದಳು. ಪ್ರಜ್ವಲ್ ಎಂಬುವನು ಗೆಳೆಯರ ಒತ್ತಾಯಕ್ಕೆ ನಿಂತವನು. ಮೂರನೆಯವಳು ಏಳನೇ ಕ್ಲಾಸಿನ ದೇವಮ್ಮ. ಅವಳ ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುತ್ತಿದ್ದರು. ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡೇ ಅವರ ಮನೆ. ಅವಳ ಮಾತು ಕೇಳಿ ಮಕ್ಕಳು ನಗುತ್ತಿದ್ದವು. ನಾನೂ ನಕ್ಕಿದ್ದೇನೆ.

ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರಿಗೂ ಮೂರು ನಿಮಿಷ ಭಾಷಣ. ಶ್ರೇಯಾ ಗಿಡ ನೆಡೋಣ, ಶಿಸ್ತಿನಿಂದ ಇರೋಣ ಎಂದಳು. ಪ್ರಜ್ವಲ್ ಹೊಸ ಕ್ರಿಕೆಟ್ ಬ್ಯಾಟು ಎಂದ. ದೇವಮ್ಮ ಬಂದು ಸುಮ್ಮನೆ ನಿಂತಳು. ಯಾರೋ ಹಿಂದಿನಿಂದ "ಮಾತಾಡ್ರೀ" ಎಂದು ಅಣಕಿಸಿದರು. ಆಮೇಲೆ ಶುರು ಮಾಡಿದಳು.

"ನಾವು ಹುಡುಗ್ಯಾರು ಮುಂಜಾನಿಂದ ನೀರೇ ಕುಡಿಯಂಗಿಲ್ರಿ. ಕುಡದ್ರ ಹೋಗಬೇಕಾಗ್ತದ. ಹೋಗಲಿಕ್ಕ ಜಾಗ ಇಲ್ಲ. ಜಾಗ ಇದ್ದಲ್ಲಿ ಕೀಲಿ ಅದ. ದೊಡ್ಡ ಹುಡುಗ್ಯಾರು ತಿಂಗಳಿಗೆ ನಾಕು ದಿನ ಸಾಲಿಗೇ ಬರಂಗಿಲ್ಲ. ನಾ ಗೆದ್ರ ಆ ಕೀಲಿ ತೆಗಸ್ತೀನಿ. ನಂದು ಇಷ್ಟೇರಿ."

ಯಾರೂ ನಗಲಿಲ್ಲ. ಎಚ್ಚೆಮ್ ಮೇಡಂ ನನ್ನ ಕಡೆ ನೋಡಿದರು. ನಾನು ಡ್ರಮ್ಮಿನ ಕಡೆ ನೋಡಿದೆ.

ಮೊದಲು ನನಗೆ ಬಂದದ್ದು ಸಿಟ್ಟು. ಗಂಟೆ ಹೊಡೆದವಳೇ ಅವಳನ್ನು ಮೆಟ್ಟಿಲ ಹತ್ತಿರ ಹಿಡಿದೆ. "ಏನೇ, ಎಲ್ಲರ ಮುಂದೆ ನನ್ನ ಮೇಲೆ ಹೇಳ್ತೀಯಾ? ದಿನಾ ಬೆಳಗ್ಗೆ ನಿಮ್ಮ ಹೊಲಸು ತೊಳೆಯೋಳು ನಾನು ಕಣೇ!"

"ನಿಮ್ ಮ್ಯಾಲ ಅಲ್ರಿ ಆಯಮ್ಮ," ಎಂದಳು. "ಕೀಲಿಕೈ ನಿಮ್ ಸೊಂಟದಾಗ ಅದ, ಅಷ್ಟೇ."

ಹುಡುಗಿಗೆ ಹೆದರಿಕೆಯೂ ಇರಲಿಲ್ಲ, ಕೊಬ್ಬೂ ಇರಲಿಲ್ಲ. ಇದ್ದದ್ದನ್ನು ಹೇಳಿ ಕ್ಲಾಸಿಗೆ ಹೋದಳು. ಅವತ್ತು ಸಂಜೆ ಹುಡುಗಿಯರ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದೆ. ಮುಕ್ಕಾಲು ತುಂಬಿತ್ತು.

ಶನಿವಾರ ಮತದಾನ. ಬಿಸಿಯೂಟದ ಎಣ್ಣೆ ಬರುವ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮರೆ ಮಾಡಿದ್ದೆವು. ಚೀಟಿಯ ಮೇಲೆ ಪುಸ್ತಕ, ಬ್ಯಾಟು, ಬೀಗದ ಕೈ, ಮೂರು ಚಿತ್ರ. ಬೀಗದ ಕೈ ದೇವಮ್ಮನ ಗುರುತು. ನಾಲ್ಕರಿಂದ ಎಂಟನೇ ಕ್ಲಾಸಿನವರೆಗಿನ ಮಕ್ಕಳು ಸಾಲಾಗಿ ಬಂದರು. ಎಡಗೈ ಬೆರಳಿಗೆ ನಾನು ಸ್ಟ್ಯಾಂಪ್ ಪ್ಯಾಡಿನ ಶಾಯಿ ಹಚ್ಚಿದೆ. ಒಬ್ಬ ಹುಡುಗ ಒರೆಸಿಕೊಂಡು ಇನ್ನೊಂದು ಸಲ ಸಾಲಿಗೆ ಬಂದ. ಕಿವಿ ಹಿಂಡಿ ಕಳಿಸಿದೆ.

ಎಣಿಸಿದವರು ರೇಖಾ ಮಿಸ್ ಮತ್ತು ನಾನು. ಒಟ್ಟು ನೂರ ಇಪ್ಪತ್ತಾರು ಚೀಟಿ. ದೇವಮ್ಮನಿಗೆ ಎಪ್ಪತ್ತೊಂದು, ಶ್ರೇಯಾಗೆ ನಲವತ್ತನಾಲ್ಕು, ಪ್ರಜ್ವಲ್‌ಗೆ ಒಂಬತ್ತು. ಎರಡು ಕುಲಗೆಟ್ಟವು. ಒಂದರಲ್ಲಿ ಮೂರಕ್ಕೂ ಗುರುತು ಹಾಕಿತ್ತು, ಇನ್ನೊಂದರಲ್ಲಿ ಯಾರೋ ಹೂವು ಬರೆದಿದ್ದರು. ಮಿಸ್ ಫಲಿತಾಂಶದ ಹಾಳೆ ತುಂಬಿದರು. ಅದನ್ನೂ ಮತದ ಡಬ್ಬಿಯನ್ನೂ ಎಚ್ಚೆಮ್ ಮೇಡಂ ಕೋಣೆಗೆ ಒಯ್ದೆವು.

ಹಾಳೆ ನೋಡಿ ಎಚ್ಚೆಮ್ ಮೇಡಂ ಬಾಗಿಲು ಮುಂದಕ್ಕೆ ಮಾಡಿದರು. ಕೆಟ್ಟ ಹೆಂಗಸೇನೂ ಅಲ್ಲ ಅವರು. ಮುಚ್ಚಿಹೋಗಬೇಕಾಗಿದ್ದ ಶಾಲೆಯನ್ನು ಓಡಾಡಿ ಉಳಿಸಿಕೊಂಡವರು. ಬುಧವಾರ ಪ್ರಮಾಣವಚನಕ್ಕೆ ಅದೇ ಕಂಪನಿಯವರು, ಜೊತೆಗೆ ಇಲಾಖೆಯ ಅಧಿಕಾರಿಗಳು ಬರುವವರಿದ್ದರು. ಎರಡು ಹೊಸ ಕೊಠಡಿ ಕೇಳಬೇಕಿತ್ತು.

"ಸ್ವಲ್ಪ ಅಡ್ಜಸ್ಟ್ ಮಾಡೋಣ," ಎಂದರು. "ಶ್ರೇಯಾ ಪ್ರಧಾನಿ ಆಗ್ಲಿ. ಗೆಸ್ಟ್‌ಗಳ ಹತ್ರ ಇಂಗ್ಲಿಷಲ್ಲಿ ಮಾತಾಡ್ತಾಳೆ. ದೇವಮ್ಮನ್ನ ಸ್ವಚ್ಛತಾ ಮಂತ್ರಿ ಮಾಡೋಣ, ಅವಳಿಗೂ ಸಮಾಧಾನ ಆಗುತ್ತೆ." ಹೇಳುತ್ತಲೇ ಹೊಸ ಹಾಳೆ ತೆಗೆದು ಎಪ್ಪತ್ತೊಂದನ್ನು ಶ್ರೇಯಾಳ ಹೆಸರಿನ ಮುಂದೆ ಬರೆದು ನನ್ನ ಕಡೆ ತಳ್ಳಿದರು. "ಸಾಕ್ಷಿ ಸಹಿ ಹಾಕಿ ಗೌರಮ್ಮ."

ರೇಖಾ ಮಿಸ್ ತಲೆ ತಗ್ಗಿಸಿ ಕೂತಿದ್ದರು.

"ನನಗೆ ಓದೋದು ಕಷ್ಟ ಮೇಡಂ," ಎಂದೆ. "ಎಣಿಸೋಕೆ ಬರುತ್ತೆ. ಇದು ನಾನು ಎಣಿಸಿದ್ದಲ್ಲ."

"ಇದೆಲ್ಲ ಮಕ್ಕಳಾಟ. ನೀವ್ಯಾಕೆ ಇಷ್ಟು ಸೀರಿಯಸ್ ಆಗ್ತೀರಾ?"

"ಆಟದಲ್ಲೇ ನಾವು ಮೋಸ ಮಾಡಿದ್ರೆ, ನಾಳೆ ಇದೇ ಶಾಲೆಗೆ ದೊಡ್ಡ ಎಲೆಕ್ಷನ್‌ಗೆ ಅವು ಯಾಕೆ ಬರ್ತವೆ ಮೇಡಂ? ಬಂದ್ರೂ ಏನಂತ ನಂಬ್ತವೆ?"

"ಗೌರಮ್ಮ, ಜೂನ್‌ನಲ್ಲಿ ನಿಮ್ಮ ಪತ್ರ ನನ್ನ ಹತ್ರನೇ ಬರುತ್ತೆ. ನೆನಪಿರಲಿ."

ಹತ್ತೊಂಬತ್ತು ವರ್ಷ ಆ ಮಾತಿಗೆ ನಾನು ಹೆದರಿದ್ದೆ. ಬೀಗ ಹಾಕು ಎಂದಾಗಲೂ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅದೂ ಒಂದು ಕಾರಣ. ಅವತ್ತು ಮಾತ್ರ ಹೆದರಿಕೆ ಬರಲಿಲ್ಲ, ರೇಗಿತು. ಮತದ ಡಬ್ಬಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತೆ. ಆ ಕೋಣೆಯ ಕುರ್ಚಿಯಲ್ಲಿ ನಾನು ಕೂತದ್ದು ಅದೇ ಮೊದಲು.

"ನೆನಪಿದೆ. ಪತ್ರ ಹರಿದು ಹಾಕಿ. ಸಹಿ ಹಾಕಲ್ಲ. ಬೇಕಾದ್ರೆ ಗಂಟೆ ಹೊಡೀತೀನಿ, ಮಕ್ಕಳೆಲ್ಲ ಬರಲಿ, ಅವರ ಮುಂದೆ ಇನ್ನೊಂದು ಸಲ ಎಣಿಸೋಣ."

ಆಗ ರೇಖಾ ಮಿಸ್ ಎದ್ದರು. ಮೊದಲ ಹಾಳೆಯನ್ನು ಎಳೆದುಕೊಂಡು ಸಹಿ ಹಾಕಿ, "ಮೂರು ತಿಂಗಳಿಂದ ಇದನ್ನೇ ಪಾಠ ಮಾಡಿದೀನಿ ಮೇಡಂ. ಇನ್ನು ಯಾವ ಮುಖ ಇಟ್ಕೊಂಡು ಕ್ಲಾಸಿಗೆ ಹೋಗ್ಲಿ?" ಎಂದರು. ಅದರ ಕೆಳಗೆ ನಾನು ನನ್ನ ಹೆಸರಿನ ಮೂರು ಅಕ್ಷರ ಬರೆದೆ. ಸೊಟ್ಟಗೆ ಬಂತು. ಬರಲಿ.

ಎಚ್ಚೆಮ್ ಮೇಡಂ ತಾವು ಬರೆದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. ಕೊನೆಗೆ, "ಆಯ್ತು, ಅವಳೇ ಆಗ್ಲಿ. ಆದ್ರೆ ಬೀಗದ ವಿಷಯ ಗೆಸ್ಟ್‌ಗಳ ಮುಂದೆ ಬರಬಾರದು" ಎಂದರು.

ಬುಧವಾರ ಹತ್ತು ಗಂಟೆಗೆ ಹೇಳಿದಂತೆ ಹೊಸ ಶೌಚಾಲಯದ ಬೀಗ ತೆಗೆದೆ. ಬಂದವರು ಇಣುಕಿ ನೋಡಿದರು, ಕನ್ನಡಿಯ ಮುಂದೆ ಫೋಟೋ ತೆಗೆಸಿಕೊಂಡರು. ದೇವಮ್ಮ ತನ್ನ ಮಾತಿನಲ್ಲೇ ಪ್ರಮಾಣ ಮಾಡಿದಳು. ಶ್ರೇಯಾ ಶಿಕ್ಷಣ ಮಂತ್ರಿಯಾಗಿ ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹನ್ನೆರಡಕ್ಕೆ ಕಾರುಗಳು ಹೊರಟವು.

"ಗೌರಮ್ಮ, ಬೀಗ," ಎಂದರು ಮೇಡಂ.

ಹೋದರೆ, ಬಾಗಿಲಿಗೆ ಅಡ್ಡ ದೇವಮ್ಮ ನಿಂತಿದ್ದಳು. ಕೈಯಲ್ಲಿ ನೋಟ್‌ಬುಕ್ಕು. ಹಿಂದೆ ಮಂತ್ರಿಗಳೆಲ್ಲ.

"ಆಯಮ್ಮ, ಸಂಸತ್ತಿನಾಗ ಠರಾವು ಪಾಸಾಗ್ಯದ. ಕೀಲಿ ಹಾಕಬ್ಯಾಡ್ರಿ."

ಠರಾವು ಎಂದರೆ ಎಲ್ಲರೂ ಕೂತು ಮಾಡಿದ ತೀರ್ಮಾನ. ಪುಟದ ತುಂಬ ಸಹಿ. ಶ್ರೇಯಾಳದೂ ಇತ್ತು. "ನನಗೆ ಓಟು ಹಾಕಿದೋರಲ್ಲೂ ಹುಡುಗೀರಿದ್ರು ಆಯಮ್ಮ," ಎಂದಳು ಅವಳು.

"ಸರಿ ಕಣ್ರೇ. ತೊಳೆಯೋರು ಯಾರು?" ಎಂದೆ.

"ನಾವೇ ಪಾಳಿ ಹಚ್ಚೀವ್ರಿ. ದಿನಕ್ಕಿಬ್ರು."

ಅಲ್ಲಿಯವರೆಗೂ ಬೀಗ ಹಾಕಬೇಕೋ ಬೇಡವೋ ಎಂದು ನನ್ನಲ್ಲಿ ಸ್ವಲ್ಪ ಅನುಮಾನವಿತ್ತು. ಆ ಮಾತು ಕೇಳಿ ಅದೂ ಹೋಯಿತು. "ಪಾಯಖಾನೆ ತೊಳೆಯೋಕಾ ನಿಮ್ಮಪ್ಪ ಅಮ್ಮ ನಿಮ್ಮನ್ನ ಶಾಲೆಗೆ ಕಳಿಸಿರೋದು? ನಿಮ್ಮ ಪಾಳಿ ಹರಿದು ಹಾಕಿ. ಅದು ನನ್ನ ಕೆಲಸ. ಹೋದ ಮೇಲೆ ನೀರು ಹಾಕಿ ಬನ್ನಿ, ಅಷ್ಟು ಮಾಡಿದ್ರೆ ಸಾಕು."

ಗೊಂಚಲಿನಿಂದ ಹನ್ನೊಂದನೆಯದನ್ನು ಬಿಡಿಸಿದೆ. ಗೊಂಚಲಿನ ಬಳೆ ತುಕ್ಕು ಹಿಡಿದಿತ್ತು, ಉಗುರು ಮುರಿಯಿತು. ಬೀಗವನ್ನೂ ಅದರ ಕೈಯನ್ನೂ ಒಯ್ದು ಎಚ್ಚೆಮ್ ಮೇಡಂ ಮೇಜಿನ ಮೇಲಿಟ್ಟೆ.

"ಹಾಕಬೇಕು ಅಂತಿದ್ರೆ ಇನ್ನು ನೀವೇ ಹಾಕಿ ಮೇಡಂ. ಮಕ್ಕಳು ಬಾಗಿಲಲ್ಲೇ ನಿಂತಿದಾವೆ. ಅವರನ್ನ ಪಕ್ಕಕ್ಕೆ ತಳ್ಳಿ ಹಾಕಬೇಕು. ನನ್ನ ಕೈಲಿ ಆಗಲ್ಲ."

ಅವರು ಎದ್ದು ಕಿಟಕಿಯಿಂದ ನೋಡಿದರು. ಹುಡುಗಿಯರ ಸಾಲು ನಲ್ಲಿಕಟ್ಟೆಯವರೆಗೆ ಬಂದಿತ್ತು. ಮೇಡಂ ಹೋಗಲಿಲ್ಲ. ಬೀಗ ಮೇಜಿನ ಡ್ರಾಯರಿಗೆ ಹೋಯಿತು. ನಾನಿರುವವರೆಗೆ ಹೊರಗೆ ಬರಲಿಲ್ಲ.

ಒಂದೇ ವಾರದಲ್ಲಿ ಹುಡುಗಿಯರ ಡ್ರಮ್ಮು ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿತು. ದಿನಕ್ಕೆ ಎರಡು ಸಲ ತುಂಬಿಸಬೇಕಾಯಿತು, ಸೊಂಟ ಬಿದ್ದುಹೋಗುತ್ತಿತ್ತು. ಮೇಡಂ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕನ್ನಡಿ ತಿಂಗಳೊಳಗೆ ಒಡೆಯಿತು, ಒಂದು ನಲ್ಲಿಯ ತಿರುಪು ಹೋಯಿತು. ನಲ್ಲಿ ರಿಪೇರಿ ಆಯಿತು. ಕನ್ನಡಿ ಇಲ್ಲದೆ ಯಾರೂ ಸಾಯಲಿಲ್ಲ.

ಜನವರಿಯಲ್ಲಿ ಆ ಕಟ್ಟಡದ ಕೆಲಸ ಮುಗಿದು ದೇವಮ್ಮನ ಮನೆಯವರು ಕೆಂಗೇರಿಯಾಚೆ ಇನ್ನೊಂದು ಕಡೆ ಹೋದರು. ಹೋಗುವ ದಿನ ಅವಳು ನೋಟ್‌ಬುಕ್ಕನ್ನು ಶ್ರೇಯಾಗೆ ಕೊಟ್ಟು, "ಡ್ರಮ್ಮ ನೋಡ್ಕೋ" ಎಂದಳಂತೆ. ನನಗೆ ಹೇಳಿ ಹೋಗಲಿಲ್ಲ. ನಾನು ಆಗ ಒಳಗೆ ತೊಳೆಯುತ್ತಿದ್ದೆ.

ಜೂನ್ ಬಂತು. ನನ್ನ ಪತ್ರಕ್ಕೆ ಸಹಿ ಬೀಳಲಿಲ್ಲ, ರೇಖಾ ಮಿಸ್ ಪತ್ರಕ್ಕೂ ಬೀಳಲಿಲ್ಲ. ಅವರು ರಾಜಾಜಿನಗರದ ಒಂದು ಶಾಲೆಯಲ್ಲಿ ಅದೇ ಪಾಠ ಹೇಳುತ್ತಿದ್ದಾರೆ. ನಾನು ಮನೆಯಲ್ಲಿದ್ದೇನೆ. ನನ್ನನ್ನು ಕಂಡು ಅಯ್ಯೋ ಎನ್ನುವವರಿಗೆ ಹೇಳುತ್ತೇನೆ, ಬೇಡ. ಆ ಸಹಿ ಹಾಕಿ ಕೆಲಸ ಉಳಿಸಿಕೊಂಡಿದ್ದರೆ ಅಯ್ಯೋ ಅನ್ನಬೇಕಾಗಿತ್ತು.

ಪೌರನೀತಿ ನನಗೆ ಪುಸ್ತಕದಿಂದ ಬಂದದ್ದಲ್ಲ. ಹೇಳಿದವರು ಬೇರೆ, ನಾನು ಬರೀ ಬೀಗ ಹಾಕಿದವಳು ಎಂದು ಎರಡು ವರ್ಷ ಅಂದುಕೊಂಡಿದ್ದೆ. ಹನ್ನೆರಡು ವರ್ಷದ ಹುಡುಗಿ ಒಂದೇ ಮಾತಿನಲ್ಲಿ ಅದನ್ನು ಬಿಡಿಸಿದಳು. ಈಗ ಶಾಲೆಗಳಲ್ಲಿ ನನ್ನ ಕೆಲಸ ಮಾಡುತ್ತಿರುವ ಹೆಂಗಸರಿಗೆ ಇಷ್ಟೇ ಹೇಳುವುದು. ಸಂಜೆ ಮನೆಗೆ ಹೊರಡುವ ಮೊದಲು ಹುಡುಗಿಯರ ಕಡೆಯ ಡ್ರಮ್ಮಿನ ಮುಚ್ಚಳ ತೆಗೆದು ನೋಡಿ. ನೀರು ಹಾಗೇ ಇದ್ದರೆ ಮಕ್ಕಳನ್ನು ಬೈಯಬೇಡಿ. ನಿಮ್ಮ ಸೊಂಟದ ಗೊಂಚಲು ನೋಡಿಕೊಳ್ಳಿ.